ಮಳೆಗಾಲದ ಮನೆಯಲ್ಲಿ ಒಬ್ಬರೇ ಕುಣಿಯುವುದು

ಪ್ರಶ್ನೆ: ನನಗೆ 64 ವರ್ಷ. ಕೊಡಗಿನ ನಾಪೋಕ್ಲು ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳು ಮೊಮ್ಮಗಳೊಂದಿಗೆ ವಿದೇಶದಲ್ಲಿದ್ದಾಳೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ಸಂಜೆಯಾದ ಮೇಲೆ ಆನೆಯ ಹೆದರಿಕೆಯಿಂದ ಅಂಗಳಕ್ಕೂ ಇಳಿಯುವಂತಿಲ್ಲ. ಅಂಥ ರಾತ್ರಿಗಳಲ್ಲಿ ನನ್ನ ಅಜ್ಜಿ ಹೇಳುತ್ತಿದ್ದ ಕತೆಗಳನ್ನು ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಕೆಲವೊಮ್ಮೆ ಪೆಟ್ಟಿಗೆಯಲ್ಲಿರುವ ಹಳೆಯ ತಾಳಗಳನ್ನು ತೆಗೆದು ನಡುಮನೆಯಲ್ಲಿ ದೀಪದ ಸುತ್ತ ಉಮ್ಮತ್ತಾಟ್, ಅಂದರೆ ನಮ್ಮ ಕೊಡವ ಹೆಂಗಸರ ಕುಣಿತ, ಆಡುತ್ತೇನೆ. ಯಜಮಾನರು ಜಗಲಿಯಲ್ಲಿ ಕುಳಿತು ಕೇಳುತ್ತಿದ್ದಾರೆ ಎನ್ನಿಸುತ್ತದೆ. ಒಂದು ರಾತ್ರಿ ಅವರು ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿಸಿತು. ತೋಟದ ಕೆಲಸದವರು ಕಿಟಕಿಯಿಂದ ನೋಡಿ ಮಗನಿಗೆ ಹೇಳಿದ್ದಾರೆ. ತೋಟ ಮಾರಿ ಬೆಂಗಳೂರಿಗೆ ಬಾ, ಡಾಕ್ಟರಿಗೆ ತೋರಿಸೋಣ ಎಂದು ಮಕ್ಕಳು ಒತ್ತಾಯಿಸುತ್ತಿದ್ದಾರೆ. ಇದು ಕಾಯಿಲೆಯೇ? ಒಬ್ಬಳೇ ಇದ್ದುಕೊಂಡು ಕತೆ, ಕುಣಿತ ಎಂದು ದಿನ ಕಳೆಯುವುದಕ್ಕೆ ಏನಾದರೂ ಅರ್ಥವಿದೆಯೇ? ಮಕ್ಕಳಿಗೆ ಏನು ಹೇಳಲಿ?

ಉತ್ತರ: ಅಮ್ಮಾ, ಮೊದಲ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಆ ಹೆದರಿಕೆ ಮನಸ್ಸಿನಲ್ಲಿರುವ ತನಕ ಮಿಕ್ಕ ಮಾತು ಒಳಗಿಳಿಯುವುದಿಲ್ಲ. ನೀವು ಬರೆದಿರುವಷ್ಟರಲ್ಲಿ ನನಗೆ ಕಾಯಿಲೆ ಕಾಣುತ್ತಿಲ್ಲ. ಕತೆ ಹೇಳಿಕೊಳ್ಳುವುದರ ಬಗ್ಗೆಯಾಗಲಿ ಕುಣಿಯುವುದರ ಬಗ್ಗೆಯಾಗಲಿ ಯಾರೂ ಕಳವಳಪಡಬೇಕಾದದ್ದು ಏನೂ ಇಲ್ಲ. ಆ ಕೆಮ್ಮಿನ ಸದ್ದಿನ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ಬಾಳಸಂಗಾತಿಯನ್ನು ಕಳೆದುಕೊಂಡವರಿಗೆ ಅವರ ಹೆಜ್ಜೆಯ ಸದ್ದು ಕೇಳಿಸುವುದು, ಪಕ್ಕದಲ್ಲೇ ಇದ್ದಾರೆ ಎನ್ನಿಸುವುದು, ಅಪರೂಪಕ್ಕೆ ಕಣ್ಣಿಗೇ ಕಾಣಿಸುವುದು ಬಹಳ ಸಾಮಾನ್ಯ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ರೀಸ್ ಎಂಬ ವೈದ್ಯರು ಗಂಡನನ್ನು ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ 1971ರಲ್ಲಿ ಒಂದು ವರದಿ ಪ್ರಕಟಿಸಿದರು. ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇಂಥ ಅನುಭವ ಆಗಿತ್ತು. ದಾಂಪತ್ಯ ದೀರ್ಘವಾಗಿದ್ದಷ್ಟೂ ಅನುಭವ ಹೆಚ್ಚು. ಆದವರಲ್ಲಿ ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಆದರೂ ಬಹುಪಾಲು ಜನ ಅದನ್ನು ಯಾರೆದುರೂ ಬಾಯಿ ಬಿಟ್ಟಿರಲಿಲ್ಲ. ನೀವು ಬಿಟ್ಟಿದ್ದೀರಿ, ಅದು ಒಳ್ಳೆಯದು. ವರ್ಷಾನುಗಟ್ಟಲೆ ಒಂದೇ ಮನೆಯಲ್ಲಿ ಒಬ್ಬರ ಕೆಮ್ಮು ಕೇಳಿದ ಕಿವಿ, ಮಳೆಯ ಸದ್ದಿನ ನಡುವೆ ಅದನ್ನು ತಾನೇ ಹುಡುಕಿಕೊಳ್ಳುತ್ತದೆ.

ಅದೂ ಕೊಡಗಿನಲ್ಲಿ ಹುಟ್ಟಿದವರಿಗೆ ಇದು ಹೊಸದಾಗಬಾರದು. ಗುರುಕಾರಣರಿಗೆ, ಅಂದರೆ ಕುಲದ ಹಿರಿಯರಿಗೆ, ಮೀದಿ (ಎಡೆ) ಇಡುವ ಮನೆತನ ನಿಮ್ಮದು. ಸತ್ತ ಹಿರಿಯರಿಗೆ ಅನ್ನ, ಮಾಂಸ, ಮದ್ಯ ಬಡಿಸಿ, ಅವರು ಬಂದು ಉಂಡರು ಎಂದು ನಂಬಿ ಆಮೇಲೆ ಮನೆಯವರು ಊಟಕ್ಕೆ ಕೂರುತ್ತಾರೆ. ಐನ್‌ಮನೆಯ (ಕುಟುಂಬದ ಮೂಲಮನೆಯ) ಪಕ್ಕದ ಕೈಮಡಕ್ಕೆ, ಹಿರಿಯರ ಗುಡಿಗೆ, ಹೋಗಿ ಸಂಸಾರದ ಸುಖದುಃಖ ಹೇಳಿಕೊಳ್ಳುವವರನ್ನು ಯಾರೂ ಆಸ್ಪತ್ರೆಗೆ ಕಳುಹಿಸಿಲ್ಲ. ಜಗಲಿಯಲ್ಲಿ ಯಜಮಾನರಿಗೆ ಒಂದು ಜಾಗ ಇಟ್ಟುಕೊಂಡು ಕತೆ ಹೇಳಿದರೆ, ಹಿರಿಯರು ಮಾಡಿಕೊಂಡು ಬಂದದ್ದನ್ನೇ ನೀವು ಮಾಡಿದಂತೆ.

ಆದರೂ ಕೆಲವನ್ನು ಗಮನಿಸುತ್ತಿರಿ. ಕೇಳಿಸುವ ಧ್ವನಿ ಬೈಯುತ್ತಿದೆ, ಹೆದರಿಸುತ್ತಿದೆ, ಏನನ್ನಾದರೂ ಮಾಡು ಎಂದು ಆಜ್ಞೆ ಮಾಡುತ್ತಿದೆ ಎಂದಾದರೆ ತಡ ಮಾಡಬೇಡಿ. ಯಜಮಾನರು ತೀರಿಕೊಂಡಿದ್ದಾರೆ ಎಂಬುದೇ ಮರೆತು ಅವರು ಬರುವ ದಾರಿ ಕಾಯುವಂತಾದರೆ, ಎರಡು ವಾರಕ್ಕೂ ಮಿಕ್ಕಿ ಊಟ, ನಿದ್ದೆ, ಸ್ನಾನ ಯಾವುದೂ ಬೇಡ ಎನ್ನಿಸಿದರೆ, ಒಲೆ ಆರಿಸುವುದು, ಮಾತ್ರೆ ನುಂಗುವುದು ಪದೇ ಪದೇ ಮರೆತುಹೋದರೆ, ಸಂಜೆಯ ಒಂದು ಗುಟುಕು ಒಂದು ಬಾಟಲಿಯ ಕಡೆಗೆ ಸಾಗುತ್ತಿದ್ದರೆ ವೈದ್ಯರನ್ನು ಕಾಣಬೇಕು. ಬದುಕು ಸಾಕು ಎಂಬ ಯೋಚನೆ ಒಮ್ಮೆ ಬಂದರೂ ಅದೇ ದಿನ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಇನ್ನೊಂದು ಸಣ್ಣ ವಿಷಯವನ್ನು ಎಲ್ಲರೂ ಮರೆಯುತ್ತಾರೆ: ಕಿವಿಯ ಪರೀಕ್ಷೆ. ಈ ವಯಸ್ಸಿನಲ್ಲಿ ಕಿವಿ ಮಂದವಾಗತೊಡಗಿದರೆ ಇಲ್ಲದ ಸದ್ದು ಕೇಳಿಸುವುದೂ ಉಂಟು, ಜನರ ನಡುವೆ ಕುಳಿತರೂ ಒಂಟಿಯೆನ್ನಿಸುವುದೂ ಉಂಟು. ಮಡಿಕೇರಿಗೆ ಹೋದಾಗ ಅದೊಂದನ್ನು ಮಾಡಿಸಿಕೊಳ್ಳಿ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನನಗೆ ಬಹಳ ಮುಖ್ಯವೆನ್ನಿಸಿದ್ದು ಇದೇ. 'ದಿನ ಕಳೆಯುವುದು' ಎಂದು ಬರೆದಿದ್ದೀರಿ. ನೀವು ಮಾಡುತ್ತಿರುವುದಕ್ಕೆ ಆ ಮಾತು ತೀರಾ ಕಡಿಮೆಯಾಯಿತು.

ಒಬ್ಬರೇ ಸುಮ್ಮನೆ ಕುಳಿತುಕೊಳ್ಳುವುದು ಎಷ್ಟು ಕಷ್ಟ ಎಂಬುದಕ್ಕೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗವಿದೆ. ತಿಮೋತಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಅದನ್ನು ಪ್ರಕಟಿಸಿದರು. ಮೊಬೈಲ್, ಪುಸ್ತಕ ಏನೂ ಇಲ್ಲದ ಕೋಣೆಯಲ್ಲಿ ಜನರನ್ನು 15 ನಿಮಿಷ ಒಬ್ಬೊಬ್ಬರನ್ನಾಗಿ ಕೂರಿಸಿದರು. ಬೇಕಾದರೆ ಒತ್ತಬಹುದಾದ ಒಂದು ಗುಂಡಿ ಮಾತ್ರ ಅಲ್ಲಿತ್ತು. ಒತ್ತಿದರೆ ತಮಗೇ ವಿದ್ಯುತ್ ಆಘಾತ. ಅದು ನೋವು ಕೊಡುತ್ತದೆ, ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದವರ ಪೈಕಿಯೇ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ ಆರು ಮಂದಿ ಆ ಗುಂಡಿ ಒತ್ತಿದರು. ಹದಿನೈದು ನಿಮಿಷ ತಮ್ಮ ಮನಸ್ಸಿನ ಜೊತೆ ಇರುವುದಕ್ಕಿಂತ ನೋವೇ ವಾಸಿ ಎನ್ನಿಸಿತು ಅವರಿಗೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ, ದೀಪದ ಬೆಳಕಿನಲ್ಲಿ, ಇಡೀ ರಾತ್ರಿ ತನ್ನ ಜೊತೆ ತಾನಿರಬಲ್ಲ ಹೆಂಗಸಿನ ಬಗ್ಗೆ ಮಕ್ಕಳು ಹೆದರುವುದಕ್ಕಿಂತ ಕೇಳಿ ತಿಳಿದುಕೊಳ್ಳಬೇಕಾದದ್ದು ಹೆಚ್ಚು.

ನೀವು ಅದನ್ನು ಹೇಗೆ ಸಾಧಿಸಿದ್ದೀರಿ? ನನ್ನ ಅನುಭವದಲ್ಲಿ, ಒಬ್ಬರೇ ಇರುವವರ ಮನಸ್ಸು ಎರಡು ದಾರಿ ಹಿಡಿಯುತ್ತದೆ. ಒಂದು ಗಾಣದೆತ್ತಿನ ದಾರಿ. 'ಆ ದಿನ ಮಡಿಕೇರಿ ಆಸ್ಪತ್ರೆಗೆ ಒಂದು ಗಂಟೆ ಮೊದಲು ಹೊರಟಿದ್ದರೆ', 'ಆ ಮಾತನ್ನು ನಾನು ಆಡದಿದ್ದರೆ'. ಎಷ್ಟು ಸುತ್ತಿದರೂ ಅದೇ ಜಾಗ. ಅದರಲ್ಲಿ ಪಾತ್ರ ಒಂದೇ, ಅದು ನಾನು, ಕೊನೆ ಎಂಬುದಿಲ್ಲ. ಇನ್ನೊಂದು ಕತೆಯ ದಾರಿ. ಕತೆಗೆ ಶುರು ಇದೆ, ಹಲವು ಪಾತ್ರಗಳಿವೆ, ಒಬ್ಬರ ತಪ್ಪಿಗೆ ಇನ್ನೊಬ್ಬರ ಕಾರಣವಿದೆ, ಎಲ್ಲಿಯೋ ಒಂದು ಕಡೆ ಮುಗಿಯುತ್ತದೆ. ಮುಗಿದ ಮೇಲೆ ನಿದ್ದೆ ಬರುತ್ತದೆ. ಕಲ್ಪನೆ ಎಂದರೆ ಮನಸ್ಸನ್ನು ಹರಿಯಬಿಡುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಹರಿಯಬಿಟ್ಟ ಮನಸ್ಸು ಸಾಮಾನ್ಯವಾಗಿ ನೋವಿನ ಕಡೆಗೇ ಹರಿಯುತ್ತದೆ. ಅದಕ್ಕೆ ಆಕಾರ ಕೊಟ್ಟಾಗ ಮಾತ್ರ ಏಕಾಂತದಲ್ಲಿ ಅರ್ಥ ಹುಟ್ಟುತ್ತದೆ ಎಂಬುದು ಇಷ್ಟು ವರ್ಷ ಹಿರಿಯರ ಜೊತೆ ಕುಳಿತು ಮಾತನಾಡಿದ ನನ್ನ ದೃಢವಾದ ಅಭಿಪ್ರಾಯ. ನಿಮ್ಮ ಕತೆಗೂ ಆಕಾರವಿದೆ, ಉಮ್ಮತ್ತಾಟ್‌ಗೂ ಆಕಾರವಿದೆ. ಅವೆರಡೂ ನಿಮ್ಮ ಕೈಗೆ ಸಿದ್ಧವಾಗಿ ಬಂದ ಆಸ್ತಿ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನೋವಿಜ್ಞಾನಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಬದುಕಿನ ದೊಡ್ಡ ನೋವಿನ ಬಗ್ಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದ್ದರು. ಬರೆದ ದಿನ ಅವರಿಗೆ ದುಃಖ ಹೆಚ್ಚಿತು. ಆದರೆ ನಡೆದದ್ದನ್ನೂ ಅದರಿಂದ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಪೆನ್ನೆಬೇಕರ್ ಅವರೇ ಮುಂದೆ ಅಂಥ ಬರಹಗಳನ್ನು ಪರಿಶೀಲಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಮೊದಲ ದಿನ ಚೂರುಚೂರಾಗಿದ್ದು ಕೊನೆಯ ದಿನದ ಹೊತ್ತಿಗೆ ಕತೆಯಾಗಿ ಕೂಡಿಕೊಂಡ ಬರಹಗಳ ಲೇಖಕರೇ ಹೆಚ್ಚು ಚೇತರಿಸಿಕೊಂಡಿದ್ದರು. ಒಂದು ದಿನ 'ನಾನು' ಎಂದು, ಇನ್ನೊಂದು ದಿನ 'ಅವರು' ಎಂದು ದೃಷ್ಟಿಕೋನ ಬದಲಿಸುತ್ತ ಬರೆದವರಿಗೂ ಪ್ರಯೋಜನವಾಗಿತ್ತು. ಅಜ್ಜಿಯ ಕತೆಗಳನ್ನು ಹೇಳುವಾಗ ನೀವು ಮಾಡುತ್ತಿರುವುದೂ ಇದೇ: ಇನ್ನೊಬ್ಬರ ಬಾಯಿಂದ ನಿಮ್ಮ ದುಃಖ ಮಾತನಾಡುತ್ತದೆ.

ನಿಮಗೆ ಗೊತ್ತಿರುವ ಕತೆಯನ್ನೇ ತೆಗೆದುಕೊಳ್ಳೋಣ. ಕವೇರ ಮುನಿಯ ಸಾಕುಮಗಳು ಕಾವೇರಿಯನ್ನು ಅಗಸ್ತ್ಯರು ಮದುವೆಯಾಗಲು ಕೇಳುತ್ತಾರೆ. ಅವಳು ಒಪ್ಪುತ್ತಾಳೆ, ಆದರೆ ಒಂದು ಷರತ್ತು: ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಒಂದು ಬೆಳಗ್ಗೆ ಅಗಸ್ತ್ಯರು ಅವಳನ್ನು ಕಮಂಡಲದಲ್ಲಿಟ್ಟು, ಶಿಷ್ಯರನ್ನು ಕಾವಲಿಟ್ಟು ಸ್ನಾನಕ್ಕೆ ಹೋಗುತ್ತಾರೆ. ಅವಳು ನೀರಾಗಿ ಉಕ್ಕಿ ಹೊರಟುಬಿಡುತ್ತಾಳೆ. ಶಿಷ್ಯರು ತಡೆಯಲು ಓಡಿದರೆ ನೆಲದೊಳಗೆ ಇಳಿಯುತ್ತಾಳೆ, ಭಾಗಮಂಡಲದಲ್ಲಿ ಮೇಲೆ ಬರುತ್ತಾಳೆ, ಕನ್ನಿಕೆ ಹೊಳೆಯನ್ನು ಕೂಡಿಕೊಳ್ಳುತ್ತಾಳೆ. ಬಲಮುರಿಯಲ್ಲಿ ಅವಳನ್ನು ತಡೆಯಲು ನೀರಿಗಿಳಿದ ಹೆಂಗಸರ ಸೀರೆಯ ನೆರಿಗೆ ಅವಳ ಸೆಳೆತಕ್ಕೆ ಹಿಂದಕ್ಕೆ ಸರಿಯಿತು. ಇವತ್ತಿಗೂ ಕೊಡವ ಹೆಂಗಸರು ನೆರಿಗೆಯನ್ನು ಹಿಂದಕ್ಕೇ ಉಡುತ್ತಾರೆ.

ಈ ಕತೆಯನ್ನು ತುಲಾ ಸಂಕ್ರಮಣದ ತೀರ್ಥೋದ್ಭವದ ದಿನ ನಾವು ಎಷ್ಟು ಸಲ ಕೇಳಿಲ್ಲ? ಕೇಳುವಾಗ ಅದು ಪುಣ್ಯಕತೆ. ಗಂಡ ತೀರಿಕೊಂಡ ಮನೆಯಲ್ಲಿ, ಕತ್ತಲಲ್ಲಿ, ಒಬ್ಬರೇ ಹೇಳಿಕೊಳ್ಳುವಾಗ ಅದೇ ಷರತ್ತಿನ ಮಾತು ಎಷ್ಟು ಹತ್ತಿರಕ್ಕೆ ಬರುತ್ತದೆ ನೋಡಿ. ಬಿಟ್ಟು ಹೋಗಬಾರದು ಎಂದು ನೀವೂ ಎಂದೋ ಹೇಳಿದ್ದಿರಬಹುದು. ಬಿಟ್ಟು ಹೋದವರ ಮೇಲೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಸತ್ತವರ ಮೇಲೆ ತೋರಿಸಬಾರದು ಎಂದು ನುಂಗಿಕೊಳ್ಳುತ್ತೇವೆ. ನನ್ನ ಬಳಿ ಬರುವ ಹೆಂಗಸರಲ್ಲಿ ಎಷ್ಟೋ ಮಂದಿಯ ಮೈನೋವು, ನಿದ್ದೆಗೇಡಿನ ತಳದಲ್ಲಿ ಈ ನುಂಗಿದ ಸಿಟ್ಟೇ ಇರುತ್ತದೆ. ಕಾವೇರಿ ಅದನ್ನು ನುಂಗಲಿಲ್ಲ. ಅಗಸ್ತ್ಯರು ಮರಳಿ ಬಂದು ಬರಿದಾದ ಕಮಂಡಲ ನೋಡಿದಾಗ ಏನೆಂದರು? ನೆಲದೊಳಗೆ ಹರಿಯುವಾಗ ಅವಳು ಏನು ಯೋಚಿಸುತ್ತಿದ್ದಳು? ಬಲಮುರಿಯಲ್ಲಿ ಅವಳ ಸೆರಗು ಹಿಡಿಯಲು ಬಂದ ಹೆಂಗಸರಲ್ಲಿ ಒಬ್ಬಳು ಅಂದು ರಾತ್ರಿ ಮನೆಗೆ ಹೋಗಿ ಗಂಡನಿಗೆ ಏನು ಹೇಳಿದಳು? ನಿಮ್ಮ ಅಜ್ಜಿ ಇವನ್ನೆಲ್ಲ ಹೇಳಿರಲಿಕ್ಕಿಲ್ಲ. ಆ ಜಾಗ ನಿಮಗಾಗಿ ಖಾಲಿ ಇದೆ. ಪ್ರತಿ ರಾತ್ರಿ ಒಂದು ಪಾತ್ರದ ಬಾಯಿಂದ ಹೇಳಿ ನೋಡಿ. ಹೇಳುವಾಗ ಅಳು ಬಂದರೆ ಅಳಿ, ಆದರೆ ಕತೆಯನ್ನು ನಡುವೆ ಬಿಟ್ಟು ಮಲಗಬೇಡಿ. ಕೊನೆಯ ತನಕ ಹೇಳಿ ಮುಗಿಸುವುದೇ ನಾನು ನಿಮಗೆ ಕೊಡುವ ಒಂದೇ ಕಟ್ಟುನಿಟ್ಟಿನ ಸಲಹೆ.

ಬರೆದಿಡಬಹುದೇ ಎಂದು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ: ಬರೆದಿಡಿ. ಇದೇ ಜಿಲ್ಲೆಯಲ್ಲಿ, ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿ ಎಂಬ ಕಾಫಿ ತೋಟದ ಮನೆಯಲ್ಲಿ ಕುಳಿತು ಕೊಡಗಿನ ಗೌರಮ್ಮ ಕತೆ ಬರೆದರು. 1912ರಲ್ಲಿ ಹುಟ್ಟಿ 1939ರಲ್ಲಿ, 27ರ ಹರೆಯದಲ್ಲೇ ತೀರಿಕೊಂಡವರು. ಗಂಡ ತೋಟದ ಮ್ಯಾನೇಜರ್. ಸುತ್ತ ಸಾಹಿತ್ಯದ ಗೋಷ್ಠಿಯಿಲ್ಲ, ಪೇಟೆಯಿಲ್ಲ. ಅಲ್ಲಿದ್ದುಕೊಂಡೇ ವಿಧವೆಯರ, ಮೋಸಹೋದ ಹೆಣ್ಣುಮಕ್ಕಳ ಬದುಕನ್ನು ಆ ಕಾಲಕ್ಕೆ ಯಾರೂ ಬರೆಯದ ದಿಟ್ಟತನದಿಂದ ಬರೆದರು. ಕಥಾಸಂಕಲನಗಳು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ. ತೋಟದ ಮನೆಯ ಏಕಾಂತವನ್ನು ಇಷ್ಟು ಚೆನ್ನಾಗಿ ದುಡಿಸಿಕೊಂಡವರು ಕನ್ನಡದಲ್ಲಿ ಕಡಿಮೆ. ನೀವು ಸಾಹಿತಿಯಾಗಬೇಕೆಂದು ಹೇಳುತ್ತಿಲ್ಲ. ಅಜ್ಜಿಯಿಂದ ಬಂದ ಕತೆ ನಿಮ್ಮೊಂದಿಗೇ ಮುಗಿದುಹೋಗಬಾರದು ಎಂಬುದಷ್ಟೇ ನನ್ನ ಆಸೆ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದಲ್ಲಿದ್ದುಕೊಂಡು, ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ' ಎಂದು ಅಚ್ಚು ಹಾಕಿಸದಿದ್ದರೆ ಇಂದು ಎಷ್ಟು ಹಾಡುಗಳು ಉಳಿದಿರುತ್ತಿದ್ದವು? ಕೊಡವ ತಕ್ಕಿನಲ್ಲೇ (ಕೊಡವ ಭಾಷೆಯಲ್ಲೇ) ಹೇಳಿ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಅವರು ಮಾಡಿದ್ದೂ ಹಾಗೆಯೇ.

ಕುಣಿತದ ವಿಷಯಕ್ಕೆ ಬರುತ್ತೇನೆ. ದುಃಖ ಮೊದಲು ಬಂದು ಕೂರುವುದು ಮೈಯಲ್ಲಿ. ಭುಜ ಮುಂದಕ್ಕೆ ಬೀಳುತ್ತದೆ, ಉಸಿರು ಮೇಲೆಯೇ ನಿಲ್ಲುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಮಾತಿನಿಂದ ಅದನ್ನು ಬಿಡಿಸಲು ತಿಂಗಳುಗಳು ಬೇಕು. ಉಮ್ಮತ್ತಾಟ್‌ನಲ್ಲಿ ಬಾಗಿ, ಎದ್ದು, ಎಡಕ್ಕೂ ಬಲಕ್ಕೂ ತೂಗಿ, ತಾಳ ತಟ್ಟಿ, ಜೊತೆಗೆ ಬಾಯಿಬಿಟ್ಟು ಹಾಡಬೇಕು. ಹಾಡಬೇಕಾದರೆ ಉಸಿರು ಕೆಳಗಿಳಿಯಲೇಬೇಕು. ಕೈಯ ಲೆಕ್ಕ, ಕಾಲಿನ ಲೆಕ್ಕ, ಹಾಡಿನ ಸಾಲು ಮೂರನ್ನೂ ಒಟ್ಟಿಗೆ ನೆನಪಿಡುವುದು ಮಿದುಳಿಗೂ ದೊಡ್ಡ ಕೆಲಸ. ನ್ಯೂಯಾರ್ಕ್‌ನಲ್ಲಿ 75 ವರ್ಷ ದಾಟಿದ 469 ಮಂದಿಯನ್ನು ಸುಮಾರು ಐದು ವರ್ಷ ಗಮನಿಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಓದುವುದು, ವಾದ್ಯ ನುಡಿಸುವುದು ಇವುಗಳ ಜೊತೆಗೆ, ಮೈ ದಂಡಿಸುವ ಹವ್ಯಾಸಗಳ ಪೈಕಿ ಕುಣಿತವೊಂದಕ್ಕೆ ಮಾತ್ರ ಮರೆವಿನ ಕಾಯಿಲೆ ಕಡಿಮೆಯಾಗುವುದರೊಂದಿಗೆ ಸಂಬಂಧ ಕಂಡುಬಂತು. ಕುಣಿದರೆ ಮರೆವು ಬರುವುದೇ ಇಲ್ಲ ಎಂದು ಇದರಿಂದ ಹೇಳಲಾಗದು. ಮಿದುಳು ಚುರುಕಾಗಿದ್ದವರೇ ಹೆಚ್ಚು ಕುಣಿದಿರಲೂಬಹುದು. ಆದರೆ ಕುಣಿಯಬೇಡಿ ಎನ್ನುವವರ ಬಳಿ ಇಷ್ಟು ಆಧಾರವೂ ಇಲ್ಲ.

ಎರಡು ಎಚ್ಚರಿಕೆ. ಮಳೆಗಾಲದಲ್ಲಿ ಹಳೆಯ ಮನೆಗಳ ನೆಲ ಬೆವರುತ್ತದೆ, ಸಾಕ್ಸ್ ಹಾಕಿ ಕುಣಿಯಬೇಡಿ. ಈ ವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಇನ್ನೊಂದು, ನೆಲದ ಮೇಲೆ ದೀಪವಿಟ್ಟು ಸುತ್ತ ಸೀರೆಯಲ್ಲಿ ತಿರುಗುವುದು ನನಗೆ ಒಪ್ಪಿಗೆಯಿಲ್ಲ. ದೀಪ ಎತ್ತರದಲ್ಲಿ ತೂಗಲಿ. ನಡುವೆ ಒಂದು ತಂಬಿಗೆ ನೀರಿಡಿ. ಸಂಪ್ರದಾಯವೂ ಅದೇ ಅಲ್ಲವೇ? ಉಮ್ಮತ್ತಾಟ್‌ನ ವೃತ್ತದ ನಡುವೆ ನೀರು ತುಂಬಿದ ಬಿಂದಿಗೆ ಹಿಡಿದು ಒಬ್ಬಳು ನಿಲ್ಲುತ್ತಾಳೆ, ಅವಳು ಕಾವೇರಿ. ಒಂಟಿಯಾಗಿ ಬಿಟ್ಟುಹೋದದ್ದಕ್ಕೆ ಉಕ್ಕಿ ಹರಿದ ಹೆಣ್ಣನ್ನು ನಡುವೆ ನಿಲ್ಲಿಸಿ, ಸುತ್ತ ಹತ್ತು ಹೆಂಗಸರು ಕುಣಿಯುತ್ತಾರೆ. ಈ ಕುಣಿತ ಕಟ್ಟಿದವರಿಗೆ ಹೆಣ್ಣಿನ ಮನಸ್ಸು ಎಷ್ಟು ಗೊತ್ತಿತ್ತು ಎಂದು ನನಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತದೆ.

ಆದರೆ ಅಮ್ಮಾ, ಸುತ್ತ ಹತ್ತು ಹೆಂಗಸರು ಎಂಬುದನ್ನು ಮರೆಯುವಂತಿಲ್ಲ. ದುಡಿಕೊಟ್ಟ್ ಪಾಟ್ ನೆನಪಿಸಿಕೊಳ್ಳಿ. ದುಡಿ ಹಿಡಿದ ಇಬ್ಬರು 'ಬಾಳೋ ಬಾಳೋ' ಎಂದು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನೇ ಎತ್ತಿಕೊಂಡು ಮರಳಿ ಹಾಡುತ್ತಾರೆ. ಸುಗ್ಗಿಯ ಹಬ್ಬ ಪುತ್ತರಿಯಂದು ಕದಿರು ಕೊಯ್ಯುವಾಗ 'ಪೊಲಿ ಪೊಲಿ ದೇವಾ' ಎಂದು ಇಡೀ ಒಕ್ಕ, ಅಂದರೆ ಇಡೀ ಮನೆತನ, ಕೂಗುತ್ತದೆ. ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟಕ್ಕೆ ಎದುರು ಕೋಲು ಬೇಕು. ಕೊಡಗಿನ ಹಾಡು, ಕುಣಿತ ಯಾವುದನ್ನೂ ಒಬ್ಬರೇ ಮಾಡಲೆಂದು ಕಟ್ಟಿದ್ದಲ್ಲ. ಎಲ್ಲದರಲ್ಲಿಯೂ ಉತ್ತರ ಕೊಡುವ ಇನ್ನೊಂದು ಧ್ವನಿಗೆ ಜಾಗವಿದೆ. ನೀವು ಒಬ್ಬರೇ ಕುಣಿದಾಗಲೂ ಆ ಜಾಗಗಳು ಹಾಗೆಯೇ ಇರುತ್ತವೆ, ನಿಮ್ಮ ಕಲ್ಪನೆ ಅಲ್ಲಿ ಅಮ್ಮನನ್ನೋ ನಾದಿನಿಯನ್ನೋ ಬಾಲ್ಯದ ಗೆಳತಿಯನ್ನೋ ನಿಲ್ಲಿಸುತ್ತದೆ. ಜಗಲಿಯಲ್ಲಿ ಯಜಮಾನರು ಕೂರುವುದೂ ಇದೇ ಕಾರಣಕ್ಕೆ. ಕತೆಗೆ ಕೇಳುಗ ಬೇಕು, ಮನಸ್ಸು ಅವರನ್ನು ಕರೆತರುತ್ತದೆ. ಅಷ್ಟರ ಮಟ್ಟಿಗೆ ಅದು ಸರಿ. ಅವರಲ್ಲಿ ಕೆಲವರು ಇನ್ನೂ ಬದುಕಿದ್ದಾರಲ್ಲ, ಅವರನ್ನು ನಿಜವಾಗಿಯೂ ಕರೆಯಿರಿ ಎಂಬುದು ನನ್ನ ಮಾತು.

ಒಟ್ಟಿಗೆ ಒಂದೇ ಲಯದಲ್ಲಿ ಕುಣಿಯುವುದರಿಂದ ಆಗುವುದು ಒಬ್ಬರೇ ಕುಣಿದರೆ ಪೂರ್ತಿ ಆಗುವುದಿಲ್ಲ. ಬ್ರೆಜಿಲ್‌ನ ಶಾಲಾ ವಿದ್ಯಾರ್ಥಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಜೊತೆಯವರ ಲಯಕ್ಕೆ ಸರಿಹೊಂದಿಸಿ ಕುಣಿದವರಲ್ಲಿ ನೋವು ತಾಳುವ ಶಕ್ತಿ ಹೆಚ್ಚಿದ್ದು, ಜೊತೆಯವರ ಮೇಲೆ ಆತ್ಮೀಯತೆ ಹೆಚ್ಚಿದ್ದು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾಮಾಜಿಕ ಬಾಂಧವ್ಯದ ಬಗ್ಗೆಯೇ ಒಂದು ಆಯೋಗ ರಚಿಸಿತು. ಅದರ ಸಹ ಅಧ್ಯಕ್ಷರಲ್ಲಿ ಒಬ್ಬರಾದ ಡಾ. ವಿವೇಕ್ ಮೂರ್ತಿ ಅವರ ಮೂಲ ನಮ್ಮ ಮಂಡ್ಯದ ಹಲ್ಲೇಗೆರೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ನರಳುತ್ತಿದ್ದಾರೆ, ಅದು ಹೃದಯದ ಕಾಯಿಲೆಗೂ ಪಾರ್ಶ್ವವಾಯುವಿಗೂ ದಾರಿ ಮಾಡುತ್ತದೆ ಎಂದು ಆ ಆಯೋಗದ 2025ರ ವರದಿ ಹೇಳುತ್ತದೆ. ಕತೆ, ಕುಣಿತ, ಕಲ್ಪನೆ ಎಷ್ಟೇ ದೊಡ್ಡವಾದರೂ ಮನುಷ್ಯರ ಬದಲಿಗೆ ಅವು ನಿಲ್ಲಲಾರವು. ಹಾಗೆ ನಿಲ್ಲುತ್ತವೆ ಎಂದು ನಾನು ಹೇಳಿದರೆ ನಿಮಗೆ ಮೋಸ ಮಾಡಿದಂತೆ.

ಆದ್ದರಿಂದ ಹೀಗೆ ಮಾಡಿ. ನಿಮ್ಮ ಕಡೆಯ ಕೊಡವ ಸಮಾಜದಲ್ಲಿ ಪೊಮ್ಮಕ್ಕಡ ಕೂಟ (ಹೆಂಗಸರ ಕೂಟ) ಇದ್ದರೆ ಸೇರಿಕೊಳ್ಳಿ, ಇಲ್ಲದಿದ್ದರೆ ಸುತ್ತಲಿನ ಮೂರು ನಾಲ್ಕು ಮನೆಯ ಹೆಂಗಸರನ್ನು ಮಳೆ ಬಿಟ್ಟ ಹಗಲಿನಲ್ಲಿ ನಿಮ್ಮ ಮನೆಗೇ ಕರೆಯಿರಿ. ಉಮ್ಮತ್ತಾಟ್ ಕಲಿಸುತ್ತೇನೆ ಎಂದು ಹೇಳಿ. ಕಲಿಯುವ ನೆಪವಿದ್ದರೆ ಹುಡುಗಿಯರೂ ಬರುತ್ತಾರೆ. ಕಿಟಕಿಯಿಂದ ನೋಡಿದ ಕೆಲಸದವರ ಮೇಲೆ ಬೇಸರ ಬೇಡ, ಅವರೂ ಒಳಗೆ ಬರಲಿ. ಅವರಲ್ಲಿ ಎರವ, ಕುರುಬ ಬುಡಕಟ್ಟಿನ ಮನೆಯವರಿದ್ದರೆ ಅವರ ಕುಣಿತವೂ ಹಾಡೂ ನಿಮ್ಮದಕ್ಕಿಂತ ಕಡಿಮೆಯದಲ್ಲ, ಕೇಳಿ ಕಲಿಯಿರಿ. ಕರೆಂಟ್ ಇಲ್ಲದ ದಿನಗಳಿಗೆ ಬ್ಯಾಟರಿಯ ರೇಡಿಯೋ ಒಂದಿರಲಿ. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ ತಕ್ಕಿನ ಕಾರ್ಯಕ್ರಮ ಬರುತ್ತದೆ, ರಾತ್ರಿಯಲ್ಲಿ ಇನ್ನೊಂದು ಮನುಷ್ಯ ಧ್ವನಿ ಮನೆಯಲ್ಲಿರುವುದು ಸಣ್ಣ ಮಾತಲ್ಲ. ಬೆಳಗ್ಗೆ ಕೆಲಸದವರ ಲೈನ್‌ಮನೆಯಿಂದ ಒಬ್ಬರು ಬಂದು ನಿಮ್ಮ ಮುಖ ನೋಡಿ ಹೋಗುವ ವ್ಯವಸ್ಥೆ ಇರಲಿ.

ಇನ್ನು ಮಕ್ಕಳು. ಅವರ ಭಯವನ್ನು ತಳ್ಳಿಹಾಕಬೇಡಿ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆ ನಮ್ಮದು. ದೂರದಲ್ಲಿರುವ ಮಗನಿಗೆ ಪ್ರತಿ ಮಳೆಗಾಲವೂ ಆ ಚಿತ್ರವೇ ಕಣ್ಣಿಗೆ ಬರುತ್ತದೆ. ನಿಮ್ಮ ಮನೆ ಗುಡ್ಡದ ಬರೆಯ ಬುಡದಲ್ಲೋ ಇಳಿಜಾರಿನಲ್ಲೋ ಇದ್ದು, ಜಿಲ್ಲಾಡಳಿತ ಎಚ್ಚರಿಕೆ ಕೊಟ್ಟರೆ ಮನೆ ಬಿಟ್ಟು ಹೊರಡಲೇಬೇಕು, ಅಲ್ಲಿ ಏಕಾಂತದ ಮಾತು ಬರುವುದಿಲ್ಲ. ಮಳೆ ತೀರಾ ಜೋರಾಗಿರುವ ಕೆಲವು ವಾರ ಮಗನ ಮನೆಯಲ್ಲಿದ್ದು, ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಮರಳಿ ಬರುತ್ತೇನೆ ಎಂದು ನೀವೇ ಮೊದಲು ಹೇಳಿಬಿಡಿ. ತಾಯಿ ತಾನಾಗಿ ಒಂದು ಹೆಜ್ಜೆ ಬಂದರೆ ಮಕ್ಕಳ ಒತ್ತಾಯ ಅರ್ಧ ಇಳಿಯುತ್ತದೆ. ಆದರೆ ಪೂರ್ತಿಯಾಗಿ ಹೊರಡುವುದನ್ನು ನಾನು ಒಪ್ಪಲಾರೆ. ಕಾಫಿ ಹೂ ಬಿಡುವ ಹೊತ್ತಿಗೆ ಮಳೆಗೆ ಕಾಯುವುದು, ಕೊಯ್ಲಿನ ಲೆಕ್ಕ ಬರೆಯುವುದು, ಇನ್ನೊಬ್ಬರಿಗೆ ಸಂಬಳ ಕೊಡುವುದು, ಇವೆಲ್ಲ ನಿಮ್ಮನ್ನು ಎಬ್ಬಿಸಿ ನಿಲ್ಲಿಸಿರುವ ಕೆಲಸಗಳು. ಇವನ್ನು ಬಿಡಿಸಿ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿ ಕೂರಿಸಿದರೆ ಸುತ್ತ ಜನರಿದ್ದೂ ಒಂಟಿಯಾಗುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ.

ಮಗಳಿಗೆ ಈ ಪತ್ರವನ್ನೇ ಕಳುಹಿಸಿ. ಜೊತೆಗೆ ಒಂದು ಕತೆಯನ್ನೂ ಕಳುಹಿಸಿ. ರಾತ್ರಿ ಹೇಳುವಾಗ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಟ್ಟುಕೊಂಡು, ಸಿಗ್ನಲ್ ಬಂದ ದಿನ ಮೊಮ್ಮಗಳಿಗೆ ಕಳುಹಿಸಿದರಾಯಿತು. ನಡುನಡುವೆ ಮಳೆಯ ಸದ್ದು ಕೇಳಿಸಿದರೆ ಅಳಿಸಬೇಡಿ, ಮುಂದೇನಾಯಿತು ಎಂದು ಅವಳು ಕೇಳುವಂತೆ ಒಂದು ಕಡೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ವಾರ ಕಳುಹಿಸಿ. ಮಗನಿಗೆ ಮಾತ್ರ ನೇರವಾಗಿ ಹೇಳಿ: ಡಾಕ್ಟರ ಬಳಿಗೆ ಬರುತ್ತೇನೆ, ಕಿವಿ, ರಕ್ತದೊತ್ತಡ, ಥೈರಾಯ್ಡ್, ಬಿ12 ಎಲ್ಲ ನೋಡಲಿ, ಮನೋವೈದ್ಯರೂ ಮಾತನಾಡಿಸಲಿ, ತೋಟ ಮಾರುವ ಮಾತನ್ನು ಈ ವರ್ಷದ ಕಾಫಿ ಕೊಯ್ಲು ಮುಗಿಯುವ ತನಕ ಯಾರೂ ಎತ್ತಬಾರದು.